ಡಾಕ್ಟರ ಕೋಣೆಯಿಂದ ಬೆಂಚಿನವರೆಗೆ

ನಮ್ಮ ಬಳಗದವರಿಗೆ ಪುಣೆ ಎಂದರೆ ಎರಡೇ: ದೊಡ್ಡ ಆಸ್ಪತ್ರೆಗಳು ಮತ್ತು ನಾನು. ಜಮಖಂಡಿ, ಬನಹಟ್ಟಿ ಕಡೆಯ ಡಾಕ್ಟರು 'ಪುಣೆಗೆ ಒಯ್ಯಿರಿ' ಎಂದು ಚೀಟಿ ಬರೆದುಕೊಟ್ಟರೆ ಸಾಕು, ಮರುದಿನ ಬೆಳಿಗ್ಗೆ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಒಂದು ಕುಟುಂಬ, ಒಂದು ಹಾಸಿಗೆಯ ಸುರುಳಿ, ಒಂದು ರೊಟ್ಟಿಯ ಗಂಟು ಇಳಿಯುತ್ತಿದ್ದವು. ಅವರನ್ನು ಆಸ್ಪತ್ರೆಗೆ ಸೇರಿಸುವುದು, ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ತಿಳಿಸುವುದು, ಅತ್ತರೆ ಸಮಾಧಾನ ಮಾಡುವುದು ನನ್ನ ಪಾಲಿನ ಕೆಲಸ. 'ನಿನಗೇನವ್ವಾ, ಹಿಂದಿಲ್ಲ ಮುಂದಿಲ್ಲ' ಎನ್ನುತ್ತಿದ್ದರು. ಮದುವೆಯಾಗದವಳ ಹೊತ್ತು ಊರ ಗಾಯರಾಣ ಇದ್ದ ಹಾಗೆ, ಯಾರ ದನ ಬೇಕಾದರೂ ಬಂದು ಮೇಯಬಹುದು.

ನಾನು ಪಿಂಪ್ರಿ ಕಡೆಯ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಹೊರಗಿನಿಂದ ಬಂದ ಕರೆಯನ್ನು ಒಳಗಿನವರಿಗೆ ಜೋಡಿಸಬೇಕು. ಅವರು ಜಾಗದಲ್ಲಿ ಇಲ್ಲದಿದ್ದರೆ ಸುದ್ದಿಯನ್ನು ಚೀಟಿಯಲ್ಲಿ ಬರೆದು ಕಳಿಸಬೇಕು. ನನಗೆ ಕೆಲಸ ಕಲಿಸಿದ ಮರಾಠಿ ಬಾಯಿ (ಅಲ್ಲಿ ಹೆಂಗಸರನ್ನು ಹಾಗೆಯೇ ಕರೆಯುವುದು) ಮೊದಲ ದಿನವೇ ಹೇಳಿದ್ದಳು: ಹೇಳಿದ್ದನ್ನು ಹೇಳಿದ ಹಾಗೆ ಬರೆ. ಒಳ್ಳೆಯದನ್ನು ದೊಡ್ಡದು ಮಾಡಬೇಡ, ಕೆಟ್ಟದ್ದನ್ನು ಸಣ್ಣದು ಮಾಡಬೇಡ. ಹದಿನಾಲ್ಕು ವರ್ಷ ನಾನು ಆ ಮಾತಿಗೆ ತಪ್ಪಿರಲಿಲ್ಲ. ಒಬ್ಬ ಮ್ಯಾನೇಜರನ ಹೆಂಡತಿ ಗಂಡನಿಗೆ ಬೈದದ್ದನ್ನೂ ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿದ್ದಕ್ಕೆ, ಅವನು ಒಂದು ವಾರ ನನ್ನ ಮುಖ ನೋಡಿರಲಿಲ್ಲ.

ಆದರೆ ಆಸ್ಪತ್ರೆಯಲ್ಲಿ ನಾನು ಬೇರೆಯೇ ಹೆಂಗಸು. ಅಲ್ಲಿ ನಿಧಾನವಾಗಿ ಒಂದು ಚಾಳಿ ಹತ್ತಿತ್ತು. ಡಾಕ್ಟರು 'ಉಳಿಯುವ ಸಾಧ್ಯತೆ ಅರ್ಧ' ಎಂದರೆ ನಾನು 'ಅರ್ಧಕ್ಕಿಂತ ಜಾಸ್ತಿ ಭರವಸೆ ಅದ ಅಂತ್ರಿ' ಎನ್ನುತ್ತಿದ್ದೆ. ಎದುರಿಗಿದ್ದ ಮುಖ ಸ್ವಲ್ಪ ಅರಳುತ್ತಿತ್ತು. 'ಇಕಿ ಬಂದ್ರ ಧೈರ್ಯ ಬರ್ತದ ನೋಡ್ರಿ' ಎಂದು ಊರಿಗೆ ಹೋಗಿ ಹೇಳುತ್ತಿದ್ದರು. ಆ ಮಾತು ನನಗೆ ಇಷ್ಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಎಷ್ಟು ಹೇಳಬಹುದು ಎಂದು ಯಾವ ಗಾದೆಯಲ್ಲೂ ಇಲ್ಲ.

ತೊಂಬತ್ತರ ದಶಕದ ನಡುವೆ, ಒಂದು ಬೇಸಿಗೆಯ ಕೊನೆಗೆ, ನನ್ನ ಅಕ್ಕನೇ ಸ್ವಾರಗೇಟಿನಲ್ಲಿ ಇಳಿದಳು. ಅವಳ ಹೆಗಲಿಗೆ ಒರಗಿಕೊಂಡು ಮಾಮಾ ಇಳಿದರು. ಮಾಮಾ ಎಂದರೆ ಅಕ್ಕನ ಗಂಡ. ನಮ್ಮಲ್ಲಿ ಹಾಗೆಯೇ ಕರೆಯುವುದು. ಬನಹಟ್ಟಿಯಲ್ಲಿ ಸೀರೆ ನೇಯುವವರು, ಐವತ್ತರ ಆಸುಪಾಸಿನ ಗಟ್ಟಿ ಆಳು. ಆರು ತಿಂಗಳಲ್ಲಿ ಹೊಟ್ಟೆ ಮುಂದೆ ಬಂದು, ತೋಳು ಒಣಗಿದ್ದವು. ನನ್ನನ್ನು ನೋಡಿ, 'ನಿನ್ನ ಪುಣೆ ನೋಡೂಣಂತ ಬಂದೀನಿ, ತಿರುಗಾಡಿಸ್ತಿ ಇಲ್ಲೋ' ಎಂದರು. ಅವರಿಗೆ ನಾನು ತೋರಿಸಿದ ಪುಣೆ ರಿಕ್ಷಾದಿಂದ ಕಂಡಷ್ಟು.

ಅವರನ್ನು ಗಂಡಸರ ಜನರಲ್ ವಾರ್ಡಿಗೆ ಹಾಕಿದರು. ಆ ವಾರ್ಡಿನಲ್ಲಿ ರಾತ್ರಿ ಹೆಂಗಸರನ್ನು ಇರಗೊಡುತ್ತಿರಲಿಲ್ಲ. ಹೀಗಾಗಿ ದಿನಾ ಸಂಜೆ ನಾನು ಕಾರ್ಖಾನೆಯಿಂದ ನೇರವಾಗಿ ಆಸ್ಪತ್ರೆಗೆ ಹೋಗಿ, ಮಾಮಾನ ಹತ್ತಿರ ಸ್ವಲ್ಪ ಹೊತ್ತು ಕುಳಿತು, ಏಳೂವರೆಗೆ ಅಕ್ಕನನ್ನು ಕರೆದುಕೊಂಡು ಸಿಟಿ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಮತ್ತೆ ಹೋಗುತ್ತಿದ್ದಳು. ಮನೆ ಎಂದರೆ ಪೇಟೆಯ ಹಳೆಯ ವಾಡೆಯೊಂದರಲ್ಲಿ ಒಂದು ಕೋಣೆ, ಅಂಗಳದಲ್ಲಿ ಏಳು ಮನೆಯವರಿಗೆ ಒಂದು ನಲ್ಲಿ.

ಆ ಕೋಣೆಯಲ್ಲಿ ಹದಿನಾಲ್ಕು ವರ್ಷ ನಾನು ಅನ್ನ, ಬೇಳೆ, ಮೊಸರು ತಿಂದು ಮಲಗಿದವಳು. ಒಬ್ಬಳಿಗೆ ಯಾರು ರೊಟ್ಟಿ ಬಡಿಯುತ್ತಾರೆ. ಅಕ್ಕ ಬಂದ ಎರಡನೆಯ ದಿನವೇ ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದು ಡಬ್ಬಿ ತುಂಬಿದಳು. ಗಂಡ ಆಸ್ಪತ್ರೆಯಲ್ಲಿದ್ದರೂ ರೊಟ್ಟಿ ಬಡಿಯುವ ಅವಳ ಕೈಯ ಸಪ್ಪಳ ಮಾತ್ರ ನಮ್ಮ ಅವ್ವನದೇ. ಪಕ್ಕದ ಕೋಣೆಯ ಮರಾಠಿ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಉಂಡಾದ ಮೇಲೆ ಅಕ್ಕ ಆಸ್ಪತ್ರೆ ಎದುರಿನ ಹೋಟೆಲಿನವನ ಅಣಕ ಮಾಡುತ್ತಿದ್ದಳು. ಅವನು ಕರಾವಳಿಯವನು. 'ಅಕ್ಕಾ, ಚಹಾ ಬೇಕಾ, ಕಾಫಿ ಸಾಕಾ ಅಂತಾನ. ಪುಸ್ತಕ ಓದಿದಂಗ ಮಾತಾಡ್ತಾನ' ಎಂದು ನಗುತ್ತಿದ್ದಳು. ನಗುತ್ತಲೇ ಅಳುತ್ತಿದ್ದಳು. ನಾನು ಅವಳ ಬೆನ್ನು ಸವರುತ್ತಿದ್ದೆ. ಆಮೇಲೆ ಇಬ್ಬರೂ ಒಂದೇ ಕಂಬಳಿಯ ಕೆಳಗೆ, ಚಿಕ್ಕವರಿದ್ದಾಗಿನಂತೆ, ಬೆನ್ನಿಗೆ ಬೆನ್ನು ಕೊಟ್ಟು ಮಲಗುತ್ತಿದ್ದೆವು.

ಆಫೀಸಿನಿಂದ ನಾನು ಆಸ್ಪತ್ರೆಗೆ ಬಂದ ಕೂಡಲೇ ಅವಳು ಕೇಳುತ್ತಿದ್ದ ಮೊದಲ ಮಾತು 'ಮಧ್ಯಾಹ್ನ ಊಟ ಆತೇನ?' ಎಂದು. ಈ ಊರಿನಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

ಮಾಮಾ ನನ್ನನ್ನು ಬೇರೆಯದೇ ಕೇಳುತ್ತಿದ್ದರು. ಅವರ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯೊಂದು ಇತ್ತು. 'ಊರಿಗೆ ಫೋನ್ ಮಾಡಿದ್ಯಾ? ಮಗ್ಗದ ಮ್ಯಾಲ ಅರಿವಿ ಹೊಚ್ಚ್ಯಾರೇನು? ಧೂಳ ಕೂತ್ರ ನೂಲು ಹರೀತದ' ಎನ್ನುವರು. ನಾನು ಹೊಚ್ಚಿದ್ದಾರೆ ಎನ್ನುತ್ತಿದ್ದೆ. ಮಗ್ಗದ ಕೋಣೆಯನ್ನು ಅವರೇ ಕಲ್ಲು ಹೊತ್ತು ಕಟ್ಟಿದ್ದು. ಮದುವೆಯಾದ ಹೊಸದರಲ್ಲಿ ಅಕ್ಕನೂ ಮಣ್ಣು ಕಲಸಿದ್ದಳಂತೆ.

ಎರಡನೆಯ ವಾರ ಮುಗಿಯುವಾಗ ಒಂದು ಸಂಜೆ, ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಕ್ಕ ನನ್ನ ಕೈ ಹಿಡಿದಳು.

'ನೋಡ, ಒಂದು ಮಾತು ಹೇಳ್ತೀನಿ. ಕೈ ಮೀರೇದ ಅಂತ ಡಾಕ್ಟರ್ ಅಂದ್ರ ನನ್ನ ಮುಂದ ಮುಚ್ಚಿಡಬ್ಯಾಡ. ಜೀವ ಇದ್ದಾಗನ ಇವರನ್ನ ಮನಿಗೆ ಒಯ್ತೀನಿ. ಹೊರಗ ತೀರಿದವರನ್ನ ನಮ್ಮ ಮಂದಿ ಹೊಸ್ತಿಲ ದಾಟಸೂದಿಲ್ಲ. ಗೊತ್ತದಲ್ಲ ನಿನಗ?'

'ಗೊತ್ತದ ಅಕ್ಕಾ.'

'ಆ ಮಗ್ಗದ ಕ್ವಾಣ್ಯಾಗಿಂದನ ತಮ್ಮನ್ನ ಎತ್ತಬೇಕು ಅಂದಾರ. ನನ್ನ ಕಡೆ ಅವರು ಏನೂ ಬೇಡಿದವರಲ್ಲ. ಇದೊಂದ.'

'ಹೇಳ್ತೀನಿ' ಎಂದೆ. ಅವಳು ನನ್ನ ಕೈ ಬಿಡಲಿಲ್ಲ. ಇಳಿಯುವ ತನಕ ಹಾಗೆಯೇ ಕುಳಿತಿದ್ದೆವು.

ಅದಾದ ಐದಾರು ದಿನಕ್ಕೆ, ಒಂದು ಬುಧವಾರ, ಡಾಕ್ಟರು ನನ್ನನ್ನು ಒಳಗೆ ಕರೆದರು. ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಅವರು ಕಾಗದ ಸರಿಸಿ, ಮರಾಠಿಯಲ್ಲಿ, ಮೆತ್ತಗೆ ಆದರೆ ಸ್ಪಷ್ಟವಾಗಿ ಹೇಳಿದರು. ಹೊಟ್ಟೆಯ ಗಡ್ಡೆ ಲಿವರಿಗೂ ಹಬ್ಬಿದೆ. ಇನ್ನು ಮಾಡುವಂಥದ್ದು ಏನೂ ಉಳಿದಿಲ್ಲ. ಊರಿಗೆ ಒಯ್ಯುವ ಮನಸ್ಸಿದ್ದರೆ ಇವತ್ತು, ಹೆಚ್ಚೆಂದರೆ ನಾಳೆ ಹೊರಡಿಸಿ. ಎರಡು ದಿನದ ಮೇಲೆ ಪ್ರಯಾಣ ತಡೆಯುವುದಿಲ್ಲ.

ನಾನು 'ಆಯ್ತು ಡಾಕ್ಟರ್' ಎಂದು ಎದ್ದೆ. ಡಾಕ್ಟರ ಕೋಣೆಯಿಂದ ಅಕ್ಕ ಕುಳಿತಿದ್ದ ಬೆಂಚಿನವರೆಗೆ ಮೂವತ್ತು ಹೆಜ್ಜೆ ಆದೀತು. ಮೊದಲ ಹತ್ತು ಹೆಜ್ಜೆ ನಾನು ಸರಿಯಾದ ಮಾತನ್ನೇ ಹೊಂದಿಸಿಕೊಳ್ಳುತ್ತಿದ್ದೆ. ಯಾವ ಜೀಪು, ಯಾವ ದಾರಿ ಎಂದೂ ಯೋಚಿಸಿದೆ. ಆಮೇಲೆ ಅಕ್ಕ ಕಂಡಳು. ಅವತ್ತು ಬೆಳಿಗ್ಗೆ ಮಾಮಾ ಅರ್ಧ ಕಪ್ ಚಹಾ, ಒಂದು ಬಿಸ್ಕತ್ತು ತೆಗೆದುಕೊಂಡಿದ್ದರು. ಆ ಸಂತೋಷ ಅವಳ ಮುಖದ ಮೇಲೆ ಇನ್ನೂ ಇತ್ತು. ಜನ ಕೇಳಿದರೆ, ಆ ಮುಖ ನೋಡಿ ಬಾಯಿ ಬರಲಿಲ್ಲ ಎಂದು ನಾನು ಹೇಳಿಯೇನು. ಅದೂ ನಿಜವೇ. ಆದರೆ ಪೂರ್ತಿ ನಿಜ ಅದಲ್ಲ. ಅವಳು ನಾಳೆ ಹೋಗುತ್ತಾಳೆ ಎಂಬುದು ಆ ಕ್ಷಣ ನನಗೆ ಹೊಳೆಯಿತು. ಕೋಣೆಯ ಬೀಗ ತೆಗೆದರೆ ಒಳಗೆ ಯಾರೂ ಇರುವುದಿಲ್ಲ. ಎರಡು ದಿನ, ಬರೇ ಎರಡು ದಿನ ಇರಲಿ ಎನಿಸಿತು. ಇದನ್ನು ಬರೆಯುವಾಗ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಅವತ್ತು ಬರಲಿಲ್ಲ.

'ಏನಂದ್ರು?'

'ಔಷಧ ಬದಲಿ ಮಾಡ್ತಾರಂತ ಅಕ್ಕಾ. ಎರಡು ದಿನ ನೋಡೂಣು ಅಂದ್ರು.'

'ಹಂಗಾದ್ರ ಛಲೋ ಆತು' ಎಂದು ಅವಳು ಎರಡೂ ಕೈ ಜೋಡಿಸಿ ಗೋಡೆಯ ಮೇಲಿನ ದೇವರ ಕ್ಯಾಲೆಂಡರಿಗೆ ಮುಗಿದಳು.

ಮರುದಿನ ಗುರುವಾರ ಸಂಜೆ ನಾನು ಬರುವಷ್ಟರಲ್ಲಿ ಇನ್ನೊಂದು ಕಾದಿತ್ತು. ಮಾಮಾನ ಪಕ್ಕದ ಹಾಸಿಗೆಯಲ್ಲಿ ಬಾರಾಮತಿ ಕಡೆಯ ರೈತನೊಬ್ಬನಿದ್ದ. ಅವನ ಹೆಂಡತಿ ಮತ್ತು ಅಕ್ಕ ಭಾಷೆ ಬಾರದೆಯೂ ಗೆಳತಿಯರಾಗಿದ್ದರು; ಅವಳದು ಭಾಕರಿ, ಇವಳದು ರೊಟ್ಟಿ, ಅಷ್ಟು ಸಾಕಾಗಿತ್ತು. ಆ ಬಾಯಿ ಬೆಳಗಿನ ರೌಂಡಿನಲ್ಲಿ ಡಾಕ್ಟರು ಸಿಸ್ಟರಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದಳು.

'ಆ ಬಾಯಿ ಮುಂಜಾನಿಂದ ನನ್ನ ಕೈ ಹಿಡಕೊಂಡು ಘರೀ ನ್ಯಾ, ಘರೀ ನ್ಯಾ ಅಂತಾಳ' ಎಂದಳು ಅಕ್ಕ. 'ಹಂಗಂದ್ರ ಏನ?'

ಮನೆಗೆ ಒಯ್ಯಿರಿ ಎಂದು ಅರ್ಥ. ಇನ್ನೊಂದು ಬಾಗಿಲು ದೇವರು ನನಗಾಗಿ ತೆರೆದಿದ್ದ. ಅದನ್ನೂ ನಾನೇ ಮುಚ್ಚಿದೆ. ಬುಧವಾರದ ಮಾತನ್ನು ಈಗ ಹೇಗೆ ಹಿಂದೆ ತೆಗೆದುಕೊಳ್ಳುವುದು ಎಂದು ಭಯವಾಗಿತ್ತು.

'ಅಕಿ ತನ್ನ ಗಂಡನ ಸುದ್ದಿ ಹೇಳ್ಯಾಳ. ಅವರನ್ನ ಮನಿಗೆ ಕಳಸ್ತಾರಂತ.'

ಅಕ್ಕನ ಕಣ್ಣು ತುಂಬಿದವು. 'ಪಾಪ, ಭಾಳ ದಿನದಿಂದ ಇದ್ಳು. ಛಲೋ ಆತು' ಎಂದಳು. ಅಷ್ಟಕ್ಕೆ ಬಿಡಲಿಲ್ಲ. ನಮ್ಮಲ್ಲಿ ಒಳ್ಳೆಯ ಸುದ್ದಿ ಹೇಳಿದವರಿಗೆ ಸಕ್ಕರೆ ಕೊಡುತ್ತಾರೆ. ಅವಳು ಎದುರಿನ ಹೋಟೆಲಿಗೆ ಹೋಗಿ, ಅಣಕಿಸುತ್ತಿದ್ದ ಅದೇ ಹೋಟೆಲಿನವನ ಹತ್ತಿರ ಒಂದು ಪುಡಿಕೆ ಸಕ್ಕರೆ ಇಸಿದುಕೊಂಡು ಬಂದು, ಆ ಬಾಯಿಯ ಅಂಗೈಯಲ್ಲಿ ಹಾಕಿ, ಗಲ್ಲ ಮುಟ್ಟಿ ದೃಷ್ಟಿ ತೆಗೆದಳು. ಆ ಬಾಯಿ ಕೈಯಲ್ಲಿದ್ದ ಸಕ್ಕರೆಯನ್ನು ನೋಡಿದಳು, ಅಕ್ಕನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು ಎಂದು ನನಗೂ ತಿಳಿಯಿತು. ಅವಳು ಸಕ್ಕರೆಯನ್ನು ತಿನ್ನಲಿಲ್ಲ, ಚೆಲ್ಲಲೂ ಇಲ್ಲ, ಸೆರಗಿನ ತುದಿಗೆ ಕಟ್ಟಿಕೊಂಡಳು.

ಆ ಸಂಜೆ ಅಕ್ಕ ಬಿಸಿ ರೊಟ್ಟಿ ಮಾಡಿದಳು. ನಾನು ಎರಡು ತಿಂದೆ. ರುಚಿಯಾಗಿಯೇ ಇತ್ತು.

ಶುಕ್ರವಾರ ನಾನೂ ರಜೆ ಹಾಕಿ ಅಕ್ಕನ ಜೊತೆ ಹೊರಟಿದ್ದೆ. ಬೆಳಿಗ್ಗೆ ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಾಮಾನ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು. ಹದಿನೈದು ನಿಮಿಷದ ಹಿಂದೆ ಹೋದರು ಎಂದರು ಸಿಸ್ಟರ್. ಅದನ್ನು ಕನ್ನಡಕ್ಕೆ ತರುವ ಅಗತ್ಯ ಬೀಳಲಿಲ್ಲ. ಅಕ್ಕ ಅಳುವುದಕ್ಕಿಂತ ಮೊದಲು ನನ್ನ ಕಡೆ ತಿರುಗಿ, 'ಎರಡು ದಿನ ಅಂದಿದ್ರಲ್ಲ' ಎಂದಳು. ಬೈಗಳಲ್ಲ, ಕೇಳಿದ್ದಷ್ಟೇ.

ಕಾಗದ ಪತ್ರ ಮುಗಿಸಿ, ಜೀಪು ಮಾಡಿ, ಸಾತಾರಾ, ಕರಾಡ, ಮಿರಜ್ ದಾಟಿ ಬನಹಟ್ಟಿ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಇಡೀ ದಾರಿ ಅಕ್ಕ ಮಾಮಾನ ಕಾಲು ಹಿಡಿದುಕೊಂಡು ಕುಳಿತಿದ್ದಳು. ಓಣಿಯ ಜನ ಮುಂಚೆಯೇ ನೆರೆದಿದ್ದರು. ಮಾಮಾನನ್ನು ಮನೆಯ ಹೊರಗಿನ ಕಟ್ಟೆಯ ಮೇಲೆ ಇಳಿಸಿದರು.

'ಒಂದು ಸಲ ಮಗ್ಗದ ಮುಂದ ತರೂಣು' ಎಂದಳು ಅಕ್ಕ.

ಹಿರಿಯರೊಬ್ಬರು ತಲೆ ಅಲ್ಲಾಡಿಸಿದರು. 'ಹೊರಗ ತೀರ್‍ಯಾರವ್ವಾ. ನಿನಗ ಗೊತ್ತಿಲ್ಲದ್ದೇನದ' ಎಂದರು. ಅವರ ಧ್ವನಿಯಲ್ಲಿ ಕಠೋರತೆ ಇರಲಿಲ್ಲ. ಅಕ್ಕ ಎರಡನೆಯ ಸಲ ಕೇಳಲಿಲ್ಲ.

ನನಗೆ ಯಾರೋ ಒಳಗಿನಿಂದ ನೀರು ತಾ ಎಂದರು. ತಂದೆ. ದೀಪಕ್ಕೆ ಎಣ್ಣೆ ಎಂದರು, ಚಾಪೆ ಎಂದರು, ಅದನ್ನೂ ತಂದೆ. ಹತ್ತು ಸಲವಾದರೂ ನಾನು ಆ ಹೊಸ್ತಿಲು ದಾಟಿರಬೇಕು. ಮಗ್ಗದ ಕೋಣೆಯಲ್ಲಿ ಅರ್ಧ ಸೀರೆಯ ಮೇಲೆ ಹಳೆಯ ಧೋತರ ಹೊಚ್ಚಿದ್ದರು. ಅದೊಂದನ್ನು ಮಾತ್ರ ನಾನು ಅವರಿಗೆ ನಿಜ ಹೇಳಿದ್ದೆ.

ಪುಣೆಗೆ ಮರಳಿ ಬಂದು ಬೀಗ ತೆಗೆದೆ. ಒಲೆಯ ಪಕ್ಕ ಜೋಳದ ಹಿಟ್ಟಿನ ಡಬ್ಬಿ ಅರ್ಧ ತುಂಬಿ ಹಾಗೆಯೇ ಇತ್ತು. ನಾನು ರೊಟ್ಟಿ ಮಾಡಲಿಲ್ಲ, ಹಿಟ್ಟು ಚೆಲ್ಲಲೂ ಇಲ್ಲ. ಮಳೆಗಾಲದಲ್ಲಿ ಹುಳ ಬಿದ್ದವು. ದಿನವಿಡೀ ಕಿವಿಗೆ ಫೋನ್ ಹಚ್ಚಿಕೊಂಡು ಕುಳಿತವಳು, ಇನ್ನೂರು ಜನರ ಮಾತು ಇನ್ನೂರು ಜನರಿಗೆ ಮುಟ್ಟಿಸುವವಳು. ನನ್ನದೊಂದು ಮಾತನ್ನು ಬನಹಟ್ಟಿಗೆ ಮುಟ್ಟಿಸಲಾರದೆ ಹೋದೆ. ಹಬ್ಬಕ್ಕೊಮ್ಮೆ ಅಕ್ಕ ಪಕ್ಕದ ಮನೆಯ ಫೋನಿನಿಂದ ಮಾತಾಡುತ್ತಿದ್ದಳು. ಮಳೆ, ಬೆಳೆ, ಮಗಳ ಬಾಣಂತನ. ಆ ಎರಡು ದಿನದ ಸುದ್ದಿಯನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. 'ಊಟ ಆತೇನ' ಎಂದು ಕೇಳುವುದನ್ನು ಅವಳು ಬಿಟ್ಟಿದ್ದಳು. ಬಳಗದವರು ಬರುತ್ತಲೇ ಇದ್ದರು. ಡಾಕ್ಟರು ಹೇಳಿದ್ದನ್ನು ಈಗ ನಾನು ಚೀಟಿ ಓದಿದ ಹಾಗೆ ಹೇಳುತ್ತಿದ್ದೆ. 'ಇಕಿ ಭಾಳ ಕಲ್ಲಾಗ್ಯಾಳ' ಎಂದು ಊರಲ್ಲಿ ಮಾತಾಯಿತು.

ಒಂಬತ್ತು ವರ್ಷ ಕಳೆಯಿತು. ಕಾರ್ಖಾನೆಯಲ್ಲಿ ಕರೆ ಜೋಡಿಸಲು ಯಂತ್ರ ಬಂತು, ನನ್ನನ್ನು ಕಡತಗಳ ವಿಭಾಗಕ್ಕೆ ಹಾಕಿದರು. ಆಗ ಅಕ್ಕನ ಒಬ್ಬಳೇ ಮಗಳಿಗೆ ಹೃದಯದ ಕವಾಟ ಕೆಟ್ಟು, ಮತ್ತೆ ಪುಣೆ ಎಂದರು. ಅಕ್ಕ ಮಗಳು, ಅಳಿಯನ ಜೊತೆ ಬಂದಳು. ನಾನು ಸ್ವಾರಗೇಟಿಗೆ ಹೋಗಿದ್ದೆ. ಹೊಸ ಜೋಳದ ಹಿಟ್ಟು ತಂದಿಟ್ಟಿದ್ದೆ, ಹಾಸಿಗೆ ಬಿಸಿಲಿಗೆ ಹಾಕಿದ್ದೆ. ಅಕ್ಕ ರೋಗಿಗಳ ಕಡೆಯವರಿಗೆಂದು ಇದ್ದ ಧರ್ಮಶಾಲೆಯಲ್ಲಿ ಇಳಿದಳು. 'ನಿನ್ನ ಮನಿ ದೂರ ಆಗ್ತದ' ಎಂದಳು. ನನ್ನ ಮನೆ ಇದ್ದಲ್ಲೇ ಇತ್ತು.

ಆಪರೇಷನ್ ಆದ ಮರುದಿನ ಅಳಿಯ ಔಷಧ ತರಲು ಹೋಗಿದ್ದ. ಮನೆಯವರು ಯಾರಾದರೂ ಬರಬೇಕು ಎಂದು ಸಿಸ್ಟರ್ ಕೂಗಿದರು. ನಾನು ಎದ್ದೆ. ಅಕ್ಕ ಕುಳಿತಲ್ಲಿಂದಲೇ ನನ್ನ ಸೆರಗಿನ ತುದಿ ಹಿಡಿದಳು.

'ಘರೀ ನ್ಯಾ ಅಂದ್ರ ಏನಂತ ಈಗ ನನಗೂ ಗೊತ್ತದ' ಎಂದಳು. 'ಈ ಸಲ ಅವರು ಹೇಳಿದ್ದನ್ನ ಹೇಳಿದಂಗ ಹೇಳು.'

ಅಷ್ಟೇ. ಸೆರಗು ಬಿಟ್ಟಳು. ಎಷ್ಟು ವರ್ಷದಿಂದ ಗೊತ್ತಿತ್ತೋ, ಯಾರನ್ನು ಕೇಳಿ ತಿಳಿದುಕೊಂಡಳೋ, ನಾನು ಕೇಳಲಿಲ್ಲ.

ಒಳಗೆ ಡಾಕ್ಟರು ನಗುಮುಖದಲ್ಲಿದ್ದರು. ಆಪರೇಷನ್ ಚೆನ್ನಾಗಿ ಆಗಿದೆ, ಇನ್ನು ಜೀವಕ್ಕೆ ಭಯವಿಲ್ಲ, ಮಧ್ಯಾಹ್ನ ಗಂಜಿ ಕೊಡಬಹುದು, ಹತ್ತು ದಿನದಲ್ಲಿ ಮನೆಗೆ ಕಳಿಸುತ್ತೇವೆ ಎಂದರು. ನಾನು ಹೊರಗೆ ಬಂದೆ. ಈ ಸಲ ಕಾರಿಡಾರು ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಅಕ್ಕನ ಮುಂದೆ ನಿಂತು ಆ ನಾಲ್ಕು ಮಾತನ್ನು ಅವರು ಹೇಳಿದ ಕ್ರಮದಲ್ಲೇ, ಒಂದನ್ನೂ ದೊಡ್ಡದು ಮಾಡದೆ, ಹೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು. 'ಹಿಂಗ ಅಂದ್ರಾ?'

'ಹೂಂ.'

ಅವಳು ಆಮೇಲೆ ಎದ್ದು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ನನ್ನನ್ನು ದಾಟಿ ಡಾಕ್ಟರ ಕೋಣೆಯ ಬಾಗಿಲು ತಟ್ಟಿದಳು. 'ಡಾಕ್ಟರ್‌ಸಾಬ, ಮುಲಗೀ ಬರೀ ಹೋಯೀಲ ನಾ?' ಮಗಳು ಗುಣವಾಗುತ್ತಾಳಲ್ಲವೇ ಎಂದು, ಒಡೆದ ಮರಾಠಿಯಲ್ಲಿ, ಜೋರಾಗಿ ಕೇಳಿದ್ದು ನನಗೆ ಕೇಳಿಸಿತು. ಆ ನಾಲ್ಕು ಶಬ್ದವನ್ನು ಅವಳು ಊರಿನಿಂದಲೇ ಕಲಿತು ಬಂದಿರಬೇಕು.

ನಾನು ಬೆಂಚಿನ ಮೇಲೆ ಕುಳಿತುಕೊಂಡೆ. ಅಕ್ಕ ಹೊರಗೆ ಬಂದಳು, ಕಣ್ಣು ಒರೆಸಿಕೊಂಡಳು.

'ಅದನ್ನೇ ಅಂದ್ರು' ಎಂದಳು. ನಡುವೆ ತನ್ನ ಚೀಲ ಇಟ್ಟು, ಅದರ ಆಚೆ ಕುಳಿತಳು.

ಆಗ ನಾನು ಹೇಳಿದೆ. ಒಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಒಂದೇ ಉಸಿರಿನಲ್ಲಿ ಹೊರಗೆ ಬಂತು. 'ಅಕ್ಕಾ, ಆವತ್ತ ಹೇಳಿದ್ರ ನೀ ಹೋಗ್ತಿದ್ದಿ. ಅದಕ್ಕ ಹೇಳಲಿಲ್ಲ.'

ಅಕ್ಕ ನೆಲ ನೋಡುತ್ತಿದ್ದಳು. ಸಿಟ್ಟು ಮಾಡುತ್ತಾಳೆ ಎಂದುಕೊಂಡೆ. ಮಾಡಿದ್ದರೆ ಚೆನ್ನಾಗಿತ್ತು.

'ಹೋಗೂದು ನಾ ಹೋಗೇ ಹೋದ್ನಲ್ಲ' ಎಂದಳು. ಆಮೇಲೆ ಚೀಲ ಎತ್ತಿಕೊಂಡು, ಗಂಜಿಯ ಹೊತ್ತಾಯಿತೇನೋ ನೋಡಲು ಮಗಳ ವಾರ್ಡಿನ ಕಡೆ ಹೋದಳು.